ಹೆಣ್ಣಿನ ದೇಹಕ್ಕೆ ಕನ್ನಡದಲ್ಲಿ ಮಾತು ಕೊಟ್ಟ ವೈದ್ಯೆ ಡಾ. ಅನುಪಮಾ ನಿರಂಜನ

ಹಾರ್ಮೋನ್ ಚಿಕಿತ್ಸೆಯ ಗೊಂದಲದ ನಡುವೆ ಮತ್ತೆ ನೆನಪಾಗಬೇಕಾದ ಬದುಕು

ಸುಗಟೂರು (ಕೋಲಾರ ತಾ.): ಒಂದು ಕಾಲಕ್ಕೆ ಪಾಳೆಯಗಾರರ ನೆಲೆಯಾಗಿದ್ದ ಸುಗಟೂರಿನ ಆಸುಪಾಸಿನಲ್ಲಿ ಟೊಮೆಟೊ ಬಿಡಿಸುವ, ಹಿಪ್ಪುನೇರಳೆ ಸೊಪ್ಪು ಕೊಯ್ಯುವ, ನಸುಕಿನಲ್ಲೇ ಎದ್ದು ಡೇರಿಗೆ ಹಾಲು ಹಾಕುವ ಮಹಿಳೆಯರಲ್ಲಿ ನಲವತ್ತೈದು ದಾಟಿದವರು ಬಹಳಷ್ಟು ಮಂದಿ. ಮುಟ್ಟು ನಿಲ್ಲುವ ಈ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ಮೈ ಬಿಸಿಯೇರುವುದು, ರಾತ್ರಿ ಬೆವರಿ ಎಚ್ಚರಗೊಳ್ಳುವುದು, ಕೀಲುನೋವು, ಕಾರಣವಿಲ್ಲದ ಸಿಡುಕು ಕಾಣಿಸಿಕೊಂಡರೆ ಅದನ್ನು ಉಷ್ಣವೆಂದೋ, ಪಿತ್ತವೆಂದೋ, ರಕ್ತದೊತ್ತಡವೆಂದೋ ಭಾವಿಸಿ ಸುಮ್ಮನಾಗುವುದೇ ಹೆಚ್ಚು. ಇದಕ್ಕೆ ಋತುಬಂಧ ಎಂಬ ಹೆಸರಿದೆ, ಅಗತ್ಯವಿದ್ದವರಿಗೆ ಹಾರ್ಮೋನ್ ಮರುಪೂರಣ ಚಿಕಿತ್ಸೆ ಎಂಬ ಉಪಾಯವಿದೆ, ಅದರಿಂದ ಲಾಭವೂ ಉಂಟು, ಅಪಾಯವೂ ಉಂಟು ಎಂಬ ತಿಳಿವಳಿಕೆ ಹಳ್ಳಿಗಳನ್ನು ಇನ್ನೂ ಸರಿಯಾಗಿ ತಲುಪಿಲ್ಲ.

ಹೆಣ್ಣುಮಕ್ಕಳು ತಮ್ಮ ದೇಹದ ಬಗ್ಗೆ ತಮ್ಮದೇ ನುಡಿಯಲ್ಲಿ ತಿಳಿದಿರಬೇಕು ಎಂಬ ಒಂದೇ ನಂಬಿಕೆಗಾಗಿ ದಶಕಗಳ ಕಾಲ ಬರೆದವರು ಡಾ. ಅನುಪಮಾ ನಿರಂಜನ. ಅವರು ತೀರಿಕೊಂಡು ಮೂರು ದಶಕಗಳು ಕಳೆದಿವೆ. ಕಾದಂಬರಿಕಾರ್ತಿಯಾಗಿ ಅವರನ್ನು ಕನ್ನಡಿಗರು ಮರೆತಿಲ್ಲವಾದರೂ, ವೈದ್ಯಕೀಯ ಲೇಖಕಿಯಾಗಿ ಅವರು ಹಾಕಿಕೊಟ್ಟ ದಾರಿ ಇಂದಿಗೆ ಎಷ್ಟು ಅಗತ್ಯ ಎಂಬುದು ಹಾರ್ಮೋನ್ ಚಿಕಿತ್ಸೆಯಂತಹ ವಿಷಯ ಎದುರಾದಾಗ ಸ್ಪಷ್ಟವಾಗುತ್ತದೆ.

ತೀರ್ಥಹಳ್ಳಿಯ ವೆಂಕಟಲಕ್ಷ್ಮಿ

ಅನುಪಮಾ ಅವರು ಜನಿಸಿದ್ದು 1934ರಲ್ಲಿ, ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿಯಲ್ಲಿ. ಹೆತ್ತವರು ಇಟ್ಟ ಹೆಸರು ವೆಂಕಟಲಕ್ಷ್ಮಿ. ಸಾಧಾರಣ ಕುಟುಂಬದ ಹೆಣ್ಣುಮಗಳೊಬ್ಬಳು ವೈದ್ಯೆಯಾಗುವುದು ಆ ಕಾಲದಲ್ಲಿ ಅಪರೂಪದ ಸಂಗತಿ. ಹೆಣ್ಣುಮಕ್ಕಳನ್ನು ಬೇಗ ಮದುವೆ ಮಾಡಿ ಕಳುಹಿಸುವುದೇ ವಾಡಿಕೆಯಾಗಿದ್ದ ದಿನಗಳವು. ಅವರು ಮೈಸೂರಿನಲ್ಲಿ ವೈದ್ಯಕೀಯ ಶಿಕ್ಷಣ ಪಡೆದರು.

1956ರಲ್ಲಿ ಅವರು ಪ್ರಗತಿಶೀಲ ಚಳವಳಿಯ ಪ್ರಮುಖ ಲೇಖಕ ನಿರಂಜನರನ್ನು ವಿವಾಹವಾದರು. ಸುಳ್ಯ ಸೀಮೆಯ ಕುಳಕುಂದ ಶಿವರಾಯರೇ ಈ ನಿರಂಜನ. ಕಾಸರಗೋಡು ಭಾಗದ ಕಯ್ಯೂರು ರೈತ ಹೋರಾಟವನ್ನು ಆಧರಿಸಿದ ‘ಚಿರಸ್ಮರಣೆ’ ಕಾದಂಬರಿಯಿಂದ ಅವರು ಹೆಸರಾಗಿದ್ದರು. ಮದುವೆಯ ನಂತರ ವೆಂಕಟಲಕ್ಷ್ಮಿ ಅನುಪಮಾ ಆದರು. ಕನ್ನಡ ಸಾಹಿತ್ಯದಲ್ಲಿ ಉಳಿದದ್ದು ಆ ಹೆಸರೇ.

ಮನೆಯಲ್ಲಿ ಇಬ್ಬರು ಲೇಖಕರಿದ್ದರೂ ನಿಯಮಿತ ಆದಾಯಕ್ಕೆ ಆಧಾರವಾಗಬಲ್ಲ ವೃತ್ತಿ ವೈದ್ಯಕೀಯವೇ ಆಗಿತ್ತು. ಧಾರವಾಡದಲ್ಲಿಯೂ ನಂತರ ಬೆಂಗಳೂರಿನಲ್ಲಿಯೂ ಅನುಪಮಾ ವೈದ್ಯವೃತ್ತಿ ನಡೆಸಿದರು. ಮುಂದೆ ನಿರಂಜನರು ಪಾರ್ಶ್ವವಾಯುವಿಗೆ ತುತ್ತಾದಾಗ ಮನೆಯ ಹೊಣೆ ಇನ್ನಷ್ಟು ಭಾರವಾಯಿತು. ಇಬ್ಬರು ಹೆಣ್ಣುಮಕ್ಕಳ ಪಾಲನೆ, ರೋಗಿಗಳ ಸಾಲು, ಬರೆಯಬೇಕೆಂಬ ತುಡಿತ ಇವೆಲ್ಲದರ ನಡುವೆ ಅವರು ಬಿಡುವು ಹೊಂದಿಸಿಕೊಂಡು ಬರೆದರು. ‘ಬರಹಗಾರ್ತಿಯ ಬದುಕು’ ಎಂಬ ಹೆಸರಿನಲ್ಲಿ ತಮ್ಮ ಬಾಳನ್ನೂ ದಾಖಲಿಸಿದರು.

ಕ್ಲಿನಿಕ್ಕಿನಲ್ಲಿ ಸಿಗದ ಮಾತು

ವೈದ್ಯಕೀಯದ ವಿಷಯದಲ್ಲಿ ಅಂದಿನ ಮೈಸೂರು ಹಿಂದುಳಿದ ಸೀಮೆಯೇನಾಗಿರಲಿಲ್ಲ. ಮೈಸೂರು ಸರ್ಕಾರ 1930ರಷ್ಟು ಹಿಂದೆಯೇ ಸಂತಾನ ನಿಯಂತ್ರಣ ಕೇಂದ್ರಗಳನ್ನು ತೆರೆದಿತ್ತು. ಸರ್ಕಾರವೊಂದು ಇಂತಹ ಕೇಂದ್ರ ತೆರೆದದ್ದು ಜಗತ್ತಿನಲ್ಲೇ ಮೊದಲು ಎಂದು ಇದನ್ನು ಗುರುತಿಸಲಾಗುತ್ತದೆ. ಕೋಲಾರ ಪಟ್ಟಣದಲ್ಲಿ ಮಿಷನರಿಗಳು 20ನೇ ಶತಮಾನದ ಆರಂಭದಲ್ಲೇ ಸ್ಥಾಪಿಸಿದ ಎಲೆನ್ ಥೋಬರ್ನ್ ಕೋವೆನ್ ಸ್ಮಾರಕ ಆಸ್ಪತ್ರೆಗೆ ಈ ಸೀಮೆಯ ತಲೆಮಾರುಗಳ ಮಹಿಳೆಯರು ಹೆರಿಗೆಗೆಂದು ಹೋಗಿದ್ದಾರೆ.

ಆಸ್ಪತ್ರೆಯ ಬಾಗಿಲು ತೆರೆದಿತ್ತು. ಒಳಗೆ ಹೋದ ಮೇಲೆ ಏನನ್ನು ಹೇಗೆ ಹೇಳಬೇಕು ಎಂಬುದು ಹೆಣ್ಣುಮಕ್ಕಳಿಗೆ ತಿಳಿಯುತ್ತಿರಲಿಲ್ಲ. ವೈದ್ಯಕೀಯ ಪಠ್ಯಗಳು ಇಂಗ್ಲಿಷಿನಲ್ಲಿದ್ದವು. ಮನೆಯಲ್ಲಿ ಬಳಕೆಯಲ್ಲಿದ್ದ ಮಾತುಗಳೋ ಎಲ್ಲವನ್ನೂ ಸುತ್ತುಬಳಸಿ ಸೂಚಿಸುತ್ತಿದ್ದವು. ಹೊರಗಾಗುವುದು, ದೂರ ಕೂರುವುದು, ಹೊಟ್ಟೆಯಲ್ಲಿರುವುದು ಮುಂತಾದ ಮಾತುಗಳಲ್ಲಿ ದೇಹದ ಭಾಗಕ್ಕೆ ಹೆಸರಿಲ್ಲ, ಅದರ ಕೆಲಸಕ್ಕೆ ವಿವರಣೆಯಿಲ್ಲ. ಪಠ್ಯದ ಇಂಗ್ಲಿಷಿಗೂ ಮನೆಯ ಸಂಕೋಚಕ್ಕೂ ನಡುವೆ ಇದ್ದ ಈ ಅಂತರವನ್ನು ತುಂಬಲು ಅನುಪಮಾ ಲೇಖನಿ ಹಿಡಿದರು.

ಅವರ ಪುಸ್ತಕಗಳ ಹೆಸರುಗಳನ್ನು ಒಂದರ ಪಕ್ಕ ಒಂದಿಟ್ಟರೆ ಹೆಣ್ಣಿನ ಬದುಕಿನ ಹಂತಗಳೇ ಕಾಣುತ್ತವೆ. ಹದಿಹರೆಯದವರಿಗೆ ‘ಕೇಳು ಕಿಶೋರಿ’, ಮದುವೆಯ ಹೊಸ್ತಿಲಲ್ಲಿರುವವರಿಗೆ ‘ವಧುವಿಗೆ ಕಿವಿಮಾತು’, ಸಂಸಾರ ಹೂಡಿದವರಿಗೆ ‘ದಾಂಪತ್ಯ ದೀಪಿಕೆ’, ತಾಯಂದಿರಿಗೆ ‘ತಾಯಿ-ಮಗು’, ಒಟ್ಟಾರೆ ಸ್ತ್ರೀ ಆರೋಗ್ಯಕ್ಕೆ ‘ಸ್ತ್ರೀ ಸ್ವಾಸ್ಥ್ಯ ಸಂಹಿತೆ’. ಇವು ಅಂಗಡಿಗಳಲ್ಲಿ ನಿರಂತರವಾಗಿ ಮಾರಾಟವಾದ ಪುಸ್ತಕಗಳು. ಮದುವೆಗೆ ಉಡುಗೊರೆಯಾಗಿ ಕೊಡಬಹುದಾದಷ್ಟು ಸಭ್ಯವಾಗಿಯೂ, ವೈದ್ಯರು ಮೆಚ್ಚಬಹುದಾದಷ್ಟು ನೇರವಾಗಿಯೂ ಬರೆಯುವ ಹದ ಅವರಿಗೆ ಸಿದ್ಧಿಸಿತ್ತು.

ಮಕ್ಕಳಿಗಾಗಿ ಅವರು ಬರೆದ ‘ದಿನಕ್ಕೊಂದು ಕಥೆ’ ಹನ್ನೆರಡು ಸಂಪುಟಗಳಲ್ಲಿ ವರ್ಷದ ಪ್ರತಿದಿನಕ್ಕೂ ಒಂದು ಕಥೆಯನ್ನು ಒದಗಿಸಿತು. ಅದನ್ನು ಕೇಳಿ ಬೆಳೆದವರು ಇಂದು ನಡುವಯಸ್ಸಿನಲ್ಲಿದ್ದಾರೆ. ಅವರಲ್ಲಿ ಹೆಣ್ಣುಮಕ್ಕಳಾಗಿದ್ದವರು ಈಗ ಋತುಬಂಧದ ವಯಸ್ಸಿಗೆ ಬಂದಿದ್ದಾರೆ ಎಂಬುದು ಗಮನಾರ್ಹ.

ಮಾಧವಿಯ ಪ್ರಶ್ನೆ

ಅನುಪಮಾ ಅವರ ಕಾದಂಬರಿಗಳನ್ನು ಅವರ ವೈದ್ಯಕೀಯ ಬರಹದಿಂದ ಬೇರ್ಪಡಿಸಿ ನೋಡಲಾಗದು. ‘ಋಣಮುಕ್ತಳು’ ಕಾದಂಬರಿಯನ್ನು ನಿರ್ದೇಶಕ ಪುಟ್ಟಣ್ಣ ಕಣಗಾಲ್ ತೆರೆಗೆ ತಂದರು. 1984ರಲ್ಲಿ ಬಿಡುಗಡೆಯಾದ ಆ ಚಿತ್ರದಿಂದ ಅವರ ಹೆಸರು ಪುಸ್ತಕ ಓದದವರಿಗೂ ತಲುಪಿತು. ತ್ರಿವೇಣಿ, ಎಂ.ಕೆ. ಇಂದಿರಾ ಅವರ ಜೊತೆಗೆ ಹೆಣ್ಣಿನ ದೃಷ್ಟಿಯಿಂದ ಕಥೆ ಹೇಳಿದ ಲೇಖಕಿಯರ ಸಾಲಿನಲ್ಲಿ ಅವರ ಹೆಸರು ಸೇರುತ್ತದೆ.

ಅವರ ಕೃತಿಗಳಲ್ಲಿ ಇಲ್ಲಿ ವಿಶೇಷವಾಗಿ ನೆನೆಯಬೇಕಾದದ್ದು ‘ಮಾಧವಿ’. ಮಹಾಭಾರತದ ಕಥೆಯಂತೆ ಗಾಲವನು ಗುರುದಕ್ಷಿಣೆಯಾಗಿ ಒಂದು ಕಿವಿ ಕಪ್ಪಾದ 800 ಬಿಳಿ ಕುದುರೆಗಳನ್ನು ಕೊಡಬೇಕಾಗುತ್ತದೆ. ಯಯಾತಿಯ ಬಳಿ ಕುದುರೆಗಳಿಲ್ಲ. ಆತ ಮಗಳು ಮಾಧವಿಯನ್ನೇ ಗಾಲವನಿಗೆ ಒಪ್ಪಿಸುತ್ತಾನೆ. ಗಾಲವನು ಆಕೆಯನ್ನು ಒಬ್ಬರಾದ ಮೇಲೆ ಒಬ್ಬರಂತೆ ಮೂವರು ರಾಜರಿಗೆ ಕೊಟ್ಟು, ತಲಾ 200 ಕುದುರೆಗಳನ್ನು ಪಡೆಯುತ್ತಾನೆ. ಉಳಿದ ಕುದುರೆಗಳ ಬದಲಿಗೆ ಆಕೆ ಗುರು ವಿಶ್ವಾಮಿತ್ರನ ಬಳಿಗೇ ಹೋಗಬೇಕಾಗುತ್ತದೆ. ಪ್ರತಿಯೊಬ್ಬರಿಗೂ ಒಂದೊಂದು ಗಂಡುಮಗುವನ್ನು ಹೆತ್ತುಕೊಡುವುದು ಆಕೆಯ ಪಾಲಿನ ಕೆಲಸ. ಆಕೆಯ ಒಪ್ಪಿಗೆಯನ್ನು ಕೇಳಿ ಈ ವ್ಯವಹಾರವನ್ನು ಯಾರೂ ಕುದುರಿಸಲಿಲ್ಲ. ವೈದ್ಯೆಯಾಗಿದ್ದ ಲೇಖಕಿಯೊಬ್ಬರು ಪುರಾಣದ ಅಷ್ಟೊಂದು ಪಾತ್ರಗಳಲ್ಲಿ ಈಕೆಯನ್ನೇ ಆರಿಸಿಕೊಂಡದ್ದು ಆಕಸ್ಮಿಕವಿರಲಾರದು. ದೇಹ ಹೆಣ್ಣಿನದು, ತೀರ್ಮಾನ ಮಾತ್ರ ಬೇರೆಯವರದು ಎಂಬ ಸ್ಥಿತಿಯನ್ನು ಅವರು ಕಾದಂಬರಿಯಲ್ಲಿ ತೋರಿಸಿದರು. ವೈದ್ಯಕೀಯ ಪುಸ್ತಕಗಳಲ್ಲಿ ಅದೇ ಸ್ಥಿತಿಯನ್ನು ಬದಲಿಸಲು ಯತ್ನಿಸಿದರು.

ಹೊಗಳಿಕೆಯಿಂದ ಭಯಕ್ಕೆ

ಅನುಪಮಾ ಅವರು ವೈದ್ಯವೃತ್ತಿಯಲ್ಲಿದ್ದ ಕಾಲದಲ್ಲೇ ಹಾರ್ಮೋನ್ ಚಿಕಿತ್ಸೆಯ ಬಗ್ಗೆ ಜಗತ್ತಿನ ಅಭಿಪ್ರಾಯ ಅತ್ತಿಂದಿತ್ತ ಹೊಯ್ದಾಡಿತು. ಋತುಬಂಧದ ಸಮಯದಲ್ಲಿ ಅಂಡಾಶಯಗಳು ಈಸ್ಟ್ರೋಜನ್ ಎಂಬ ಹಾರ್ಮೋನನ್ನು ಉತ್ಪಾದಿಸುವುದು ತೀರ ಕಡಿಮೆಯಾಗುತ್ತದೆ. ಅದನ್ನು ಹೊರಗಿನಿಂದ ಒದಗಿಸುವುದೇ ಈ ಚಿಕಿತ್ಸೆ. ಗಬ್ಬದ ಕುದುರೆಗಳ ಮೂತ್ರದಿಂದ ತೆಗೆದ ಪ್ರೆಮರಿನ್ ಮಾತ್ರೆ 1942ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದಿತು. 1966ರಲ್ಲಿ ರಾಬರ್ಟ್ ವಿಲ್ಸನ್ ಎಂಬ ಅಮೆರಿಕನ್ ವೈದ್ಯರು ಪುಸ್ತಕವೊಂದನ್ನು ಬರೆದು, ಋತುಬಂಧವನ್ನು ಕೊರತೆಯ ಕಾಯಿಲೆಯೆಂದೂ ಈಸ್ಟ್ರೋಜನ್ ಸೇವಿಸಿದರೆ ಹೆಣ್ಣು ಯೌವನವನ್ನು ಉಳಿಸಿಕೊಳ್ಳಬಲ್ಲಳೆಂದೂ ಪ್ರಚಾರ ಮಾಡಿದರು. ಮಾತ್ರೆಯ ಮಾರಾಟ ಏರಿತು.

1975ರಲ್ಲಿ ಪ್ರಕಟವಾದ ಅಧ್ಯಯನಗಳು, ಈಸ್ಟ್ರೋಜನ್ ಒಂದನ್ನೇ ಸೇವಿಸಿದ ಮಹಿಳೆಯರಲ್ಲಿ ಗರ್ಭಕೋಶದ ಒಳಪದರದ ಕ್ಯಾನ್ಸರ್ ಹೆಚ್ಚೆಂದು ತಿಳಿಸಿದವು. ಅಲ್ಲಿಂದ ಗರ್ಭಕೋಶವಿರುವವರಿಗೆ ಪ್ರೊಜೆಸ್ಟರಾನ್ ಬಗೆಯ ಹಾರ್ಮೋನನ್ನೂ ಜೊತೆಗೆ ಕೊಡುವ ಪದ್ಧತಿ ಬಂದಿತು. ಗರ್ಭಕೋಶ ತೆಗೆಸಿಕೊಂಡವರಿಗೆ ಸಾಮಾನ್ಯವಾಗಿ ಈಸ್ಟ್ರೋಜನ್ ಒಂದೇ ಸಾಕು. ಇಂದಿಗೂ ಈ ನಿಯಮವೇ ಚಿಕಿತ್ಸೆಯ ಅಡಿಪಾಯ.

ಅನುಪಮಾ ಅವರು 1991ರಲ್ಲಿ ತೀರಿಕೊಂಡರು. ಹಾರ್ಮೋನ್ ಚಿಕಿತ್ಸೆಯ ಅತಿದೊಡ್ಡ ಪರೀಕ್ಷೆಯ ಫಲಿತಾಂಶ ಬಂದದ್ದು ಅದಾದ ಹನ್ನೊಂದು ವರ್ಷಗಳ ನಂತರ. ಅಮೆರಿಕದ ಮಹಿಳಾ ಆರೋಗ್ಯ ಅಧ್ಯಯನದಲ್ಲಿ 16,608 ಮಹಿಳೆಯರ ಮೇಲೆ ನಡೆಯುತ್ತಿದ್ದ ಜೋಡಿ ಹಾರ್ಮೋನ್ ಪರೀಕ್ಷೆಯನ್ನು 2002ರ ಜುಲೈನಲ್ಲಿ ನಡುವೆಯೇ ನಿಲ್ಲಿಸಲಾಯಿತು. ಸ್ತನ ಕ್ಯಾನ್ಸರ್, ಪಾರ್ಶ್ವವಾಯು ಮತ್ತು ರಕ್ತ ಹೆಪ್ಪುಗಟ್ಟುವ ತೊಂದರೆಗಳು ಹೆಚ್ಚಿದ್ದೇ ಇದಕ್ಕೆ ಕಾರಣ. ಸುದ್ದಿ ಜಗತ್ತಿನಾದ್ಯಂತ ಭಯ ಹುಟ್ಟಿಸಿತು. ಲಕ್ಷಾಂತರ ಮಹಿಳೆಯರು ಮಾತ್ರೆ ನಿಲ್ಲಿಸಿದರು.

ಅಂಕಿಅಂಶಗಳನ್ನು ನಿಧಾನವಾಗಿ ಓದಿದವರಿಗೆ ಕಂಡ ಚಿತ್ರ ಸ್ವಲ್ಪ ಬೇರೆ. ಸ್ತನ ಕ್ಯಾನ್ಸರಿನ ಹೆಚ್ಚಳ ವರ್ಷಕ್ಕೆ 10,000 ಮಹಿಳೆಯರಲ್ಲಿ 8 ಪ್ರಕರಣಗಳಷ್ಟು. ಪರೀಕ್ಷೆಯಲ್ಲಿದ್ದವರ ಸರಾಸರಿ ವಯಸ್ಸು 63. ಅಂದರೆ ಹೆಚ್ಚಿನವರು ಋತುಬಂಧವಾಗಿ ಹತ್ತು ವರ್ಷ ದಾಟಿದವರು. ಗರ್ಭಕೋಶವಿಲ್ಲದೆ ಈಸ್ಟ್ರೋಜನ್ ಮಾತ್ರ ಪಡೆದವರಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಲಿಲ್ಲ. ಆದರೆ ಪಾರ್ಶ್ವವಾಯುವಿನ ಅಪಾಯ ಹೆಚ್ಚಿದ್ದರಿಂದ ಆ ಪರೀಕ್ಷೆಯನ್ನೂ 2004ರಲ್ಲಿ ನಿಲ್ಲಿಸಲಾಯಿತು. 60 ವರ್ಷದೊಳಗಿನ ಅಥವಾ ಋತುಬಂಧವಾಗಿ ಹತ್ತು ವರ್ಷ ತುಂಬದ, ತೀವ್ರ ತೊಂದರೆಯುಳ್ಳ, ಬೇರೆ ಅಡ್ಡಿಗಳಿಲ್ಲದ ಮಹಿಳೆಯರಿಗೆ ಸಾಮಾನ್ಯವಾಗಿ ಅಪಾಯಕ್ಕಿಂತ ಲಾಭ ಹೆಚ್ಚು ಎಂಬುದು ಈಗ ತಜ್ಞ ಸಂಸ್ಥೆಗಳ ಅಭಿಪ್ರಾಯ. ಈ ಔಷಧಗಳ ಮೇಲಿದ್ದ ಕಠಿಣ ಎಚ್ಚರಿಕೆಗಳನ್ನು ಬಹುಪಾಲು ತೆಗೆಯುವುದಾಗಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2025ರ ನವೆಂಬರಿನಲ್ಲಿ ಪ್ರಕಟಿಸಿತು.

ಈ ಫಲಿತಾಂಶಗಳನ್ನು ಕಾಣುವ ಅವಕಾಶ ಅನುಪಮಾ ಅವರಿಗೆ ದೊರೆಯಲಿಲ್ಲವಾದ್ದರಿಂದ ಚಿಕಿತ್ಸೆಯ ಪರವಾಗಿಯೋ ವಿರೋಧವಾಗಿಯೋ ಅವರ ಹೆಸರನ್ನು ಬಳಸುವುದು ಸಲ್ಲದು. ಅವರಿಂದ ನಾವು ಪಡೆಯಬಹುದಾದದ್ದು ಇಂತಹ ವಿಷಯವನ್ನು ಜನರ ಮುಂದಿಡುವ ರೀತಿಯನ್ನು.

ಬೇಡವೆನ್ನುವುದಕ್ಕೂ ಕಾರಣವಿದೆ

ಋತುಬಂಧದ ಬಗ್ಗೆ ನಮ್ಮ ಹೆಂಗಸರ ಮನೋಭಾವ ಅಮೆರಿಕದ ಪುಸ್ತಕದಂತಿಲ್ಲ. ಅಲ್ಲಿ ಅದನ್ನು ಯೌವನದ ನಷ್ಟವೆಂದು ಬಣ್ಣಿಸಲಾಯಿತು. ಇಲ್ಲಿ ಅನೇಕರಿಗೆ ಅದು ಬಿಡುಗಡೆ. ದೂರ ಕೂರುವ ಕಟ್ಟು ತಪ್ಪುತ್ತದೆ, ಹಬ್ಬ ಹರಿದಿನಗಳಲ್ಲಿ ಲೆಕ್ಕ ಹಾಕಬೇಕಿಲ್ಲ, ಬಸಿರಿನ ಭಯವಿಲ್ಲ. ಹೀಗೆ ಹೋದದ್ದನ್ನು ಮಾತ್ರೆ ನುಂಗಿ ಏಕೆ ಮರಳಿ ತರಬೇಕು ಎಂಬ ಪ್ರಶ್ನೆ ಸಹಜವೇ. ಕೆಲವು ಬಗೆಯ ಹಾರ್ಮೋನ್ ಚಿಕಿತ್ಸೆಯಲ್ಲಿ ತಿಂಗಳಿಗೊಮ್ಮೆ ರಕ್ತಸ್ರಾವ ಮರಳುವುದೂ ನಿಜ. ಮೊದಲೇ ತಿಳಿಸದಿದ್ದರೆ ಗಾಬರಿಯಾಗಿ ಚಿಕಿತ್ಸೆಯನ್ನೇ ಬಿಟ್ಟುಬಿಡುವವರಿದ್ದಾರೆ.

ಇನ್ನು ಹಾರ್ಮೋನ್ ಮಾತ್ರೆ ಎಂದಾಕ್ಷಣ ಅನೇಕರಿಗೆ ನೆನಪಾಗುವುದು ಎರಡು. ಒಂದು, ಗರ್ಭನಿರೋಧಕ ಮಾತ್ರೆ. ಇನ್ನೊಂದು, ಹಬ್ಬಕ್ಕೋ ಮದುವೆಗೋ ತೀರ್ಥಯಾತ್ರೆಗೋ ಮುಟ್ಟನ್ನು ಮುಂದೂಡಲು ಔಷಧ ಅಂಗಡಿಯಿಂದ ತಂದು ನುಂಗುವ ಮಾತ್ರೆ. ಋತುಬಂಧದ ಚಿಕಿತ್ಸೆ ಈ ಎರಡೂ ಅಲ್ಲ. ಅದರ ಪ್ರಮಾಣ ಬೇರೆ, ಉದ್ದೇಶ ಬೇರೆ, ತಪಾಸಣೆಯ ಅಗತ್ಯವೂ ಬೇರೆ. ಮಾತ್ರೆಯ ಜೊತೆಗೆ ಚರ್ಮಕ್ಕೆ ಹಚ್ಚುವ ಜೆಲ್, ಅಂಟಿಸುವ ಪಟ್ಟಿಗಳೂ ಇವೆ. ಚರ್ಮದ ಮೂಲಕ ಪಡೆದಾಗ ರಕ್ತ ಹೆಪ್ಪುಗಟ್ಟುವ ಅಪಾಯ ಮಾತ್ರೆಗಿಂತ ಕಡಿಮೆ. ಸ್ತನ ಕ್ಯಾನ್ಸರ್ ಬಂದವರಿಗೆ, ಪಾರ್ಶ್ವವಾಯು ಅಥವಾ ರಕ್ತ ಹೆಪ್ಪುಗಟ್ಟಿದ ಇತಿಹಾಸವಿರುವವರಿಗೆ, ತೀವ್ರ ಯಕೃತ್ ಕಾಯಿಲೆಯುಳ್ಳವರಿಗೆ, ಕಾರಣ ತಿಳಿಯದ ರಕ್ತಸ್ರಾವವಿರುವವರಿಗೆ ಸಾಮಾನ್ಯವಾಗಿ ಈ ಚಿಕಿತ್ಸೆಯನ್ನು ಕೊಡುವುದಿಲ್ಲ. ಮುಟ್ಟು ನಿಂತು ಒಂದು ವರ್ಷವಾದ ಮೇಲೆ ಮತ್ತೆ ರಕ್ತ ಕಂಡರೆ ಅದನ್ನು ಮುಟ್ಟು ಮರಳಿತೆಂದು ಭಾವಿಸದೆ ತಪಾಸಣೆ ಮಾಡಿಸಿಕೊಳ್ಳಲೇಬೇಕು.

ಕೋಲಾರ ಜಿಲ್ಲೆಯಲ್ಲಿ ಇನ್ನೊಂದು ತೊಡಕಿದೆ. ಇಲ್ಲಿನ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಸಮಸ್ಯೆ ಬಹುಕಾಲದ್ದು. ಬೆನ್ನು, ಮಂಡಿ ಬಿಗಿದು ನೋಯುವ ಐವತ್ತರ ಮಹಿಳೆಗೆ ಕಾರಣ ಫ್ಲೋರೋಸಿಸ್ ಇರಬಹುದು, ಈಸ್ಟ್ರೋಜನ್ ಇಳಿಕೆಯಿರಬಹುದು, ಸಂಧಿವಾತವಿರಬಹುದು, ಎರಡು ಮೂರು ಸೇರಿರಲೂಬಹುದು. ಕೆಲಸದ ದಣಿವೆಂದು ನೋವಿನ ಮಾತ್ರೆ ನುಂಗುತ್ತಾ ಹೋದರೆ ಯಾವುದೂ ಪತ್ತೆಯಾಗುವುದಿಲ್ಲ.

ಗರ್ಭಕೋಶದ ಜೊತೆಗೆ ಹೋಗುವುದೇನು?

ತಿಳಿವಳಿಕೆಯ ಕೊರತೆ ಅತ್ಯಂತ ದುಬಾರಿಯಾಗುವುದು ಗರ್ಭಕೋಶ ತೆಗೆಯುವ ಶಸ್ತ್ರಚಿಕಿತ್ಸೆಯಲ್ಲಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ಸುತ್ತಿನಂತೆ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಸುಮಾರು ಶೇ 3 ಮಂದಿ ಗರ್ಭಕೋಶ ತೆಗೆಸಿಕೊಂಡಿದ್ದಾರೆ. ಕೋಲಾರಕ್ಕೆ ಅಂಟಿಕೊಂಡಿರುವ ಆಂಧ್ರಪ್ರದೇಶ ಈ ಪ್ರಮಾಣ ಅತಿ ಹೆಚ್ಚಿರುವ ರಾಜ್ಯಗಳಲ್ಲೊಂದು. ಕಲಬುರಗಿ ಜಿಲ್ಲೆಯಲ್ಲಿ ಲಂಬಾಣಿ ತಾಂಡಾಗಳ ಬಡ ಮಹಿಳೆಯರಿಗೆ ಅನಗತ್ಯವಾಗಿ ಈ ಶಸ್ತ್ರಚಿಕಿತ್ಸೆ ನಡೆದಿದೆಯೆಂಬ ದೂರುಗಳು ಕಳೆದ ದಶಕದಲ್ಲಿ ರಾಜ್ಯದ ಗಮನ ಸೆಳೆದವು. ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಮಾರ್ಗಸೂಚಿ ರೂಪಿಸಿತು. ಅದನ್ನು ಜಾರಿಗೆ ತರುವಂತೆ ಸುಪ್ರೀಂ ಕೋರ್ಟ್ 2023ರಲ್ಲಿ ರಾಜ್ಯಗಳಿಗೆ ಸೂಚಿಸಿತು.

ಗರ್ಭಕೋಶವನ್ನಷ್ಟೇ ತೆಗೆದರೆ ಮುಟ್ಟು ನಿಲ್ಲುತ್ತದೆ, ಅಂಡಾಶಯಗಳು ಉಳಿದಿರುವುದರಿಂದ ಹಾರ್ಮೋನ್ ಉತ್ಪಾದನೆ ಮುಂದುವರಿಯುತ್ತದೆ. ಸ್ವಾಭಾವಿಕ ಋತುಬಂಧ ತುಸು ಬೇಗ ಬರಬಹುದು. ಅಂಡಾಶಯಗಳನ್ನೂ ತೆಗೆದರೆ ಮೂವತ್ತೈದರ ಹೆಣ್ಣೂ ಕೆಲವೇ ದಿನಗಳಲ್ಲಿ ಋತುಬಂಧಕ್ಕೆ ದೂಡಲ್ಪಡುತ್ತಾಳೆ. ಮೂಳೆ ಸವೆತ ಬೇಗ ಆರಂಭವಾಗುತ್ತದೆ, ಹೃದಯದ ಕಾಯಿಲೆಯ ಸಂಭವ ಹೆಚ್ಚುತ್ತದೆ. ಇಂತಹವರಿಗೆ, ವೈದ್ಯಕೀಯ ಅಡ್ಡಿಗಳಿಲ್ಲದಿದ್ದರೆ, ಸ್ವಾಭಾವಿಕ ಋತುಬಂಧದ ವಯಸ್ಸಿನವರೆಗಾದರೂ ಹಾರ್ಮೋನ್ ಕೊಡಬೇಕೆಂಬುದು ತಜ್ಞರ ಸಲಹೆ. ತಮ್ಮ ಅಂಡಾಶಯಗಳು ಉಳಿದಿವೆಯೇ ಇಲ್ಲವೇ ಎಂಬುದೇ ಗೊತ್ತಿಲ್ಲದೆ ಆಸ್ಪತ್ರೆಯಿಂದ ಮರಳುವ ಹೆಣ್ಣಿಗೆ ಈ ಸಲಹೆ ತಲುಪುವ ದಾರಿ ಯಾವುದು? ಬಿಡುಗಡೆ ಚೀಟಿಯಲ್ಲಿ ಅದು ಇಂಗ್ಲಿಷಿನಲ್ಲಿ ಬರೆದಿರುತ್ತದೆ. ಓದಿ ಹೇಳುವವರು ಬೇಕು. ಅನುಪಮಾ ಅವರು ತುಂಬಲು ಹೊರಟ ಅಂತರ ಇದೇ. ಅದು ಇಂದಿಗೂ ಉಳಿದಿದೆ.

ಕೊನೆಯ ವರ್ಷಗಳು

ಅನಾರೋಗ್ಯದಿಂದಾಗಿ ಅನುಪಮಾ ಅವರು ವೈದ್ಯವೃತ್ತಿಯನ್ನು ನಿಲ್ಲಿಸಬೇಕಾಯಿತು. ವೈದ್ಯೆಯೇ ರೋಗಿಯಾದ ಆ ವರ್ಷಗಳಲ್ಲಿ ಅವರು ಕ್ಯಾನ್ಸರ್‌ನೊಡನೆ ಬದುಕಿದರು. 1991ರ ಫೆಬ್ರುವರಿಯಲ್ಲಿ, 56ನೆಯ ವಯಸ್ಸಿನಲ್ಲಿ ಅವರು ನಿಧನರಾದರು. ಮರುವರ್ಷ ನಿರಂಜನರೂ ತೀರಿಕೊಂಡರು. ಅವರ ಪುತ್ರಿ ತೇಜಸ್ವಿನಿ ನಿರಂಜನ ಸಾಂಸ್ಕೃತಿಕ ಅಧ್ಯಯನ ಕ್ಷೇತ್ರದಲ್ಲಿ ಹೆಸರಾದ ವಿದ್ವಾಂಸರು. ಕರ್ನಾಟಕ ಲೇಖಕಿಯರ ಸಂಘ ಲೇಖಕಿಯರಿಗೆ ನೀಡುವ ಪ್ರಶಸ್ತಿಯೊಂದು ಅನುಪಮಾ ಅವರ ಹೆಸರಿನಲ್ಲಿದೆ.

ವೈದ್ಯಕೀಯ ಪುಸ್ತಕಗಳಿಗೆ ಕಾದಂಬರಿಗಳಷ್ಟು ಆಯುಷ್ಯವಿಲ್ಲ. ಔಷಧ ಬದಲಾಗುತ್ತದೆ, ಪ್ರಮಾಣ ಬದಲಾಗುತ್ತದೆ, ನಿನ್ನೆಯ ಅಪಾಯ ಇಂದು ಬೇರೆ ರೀತಿ ಕಾಣುತ್ತದೆ. ಅವರ ಪುಸ್ತಕಗಳಲ್ಲಿನ ಚಿಕಿತ್ಸಾ ವಿವರಗಳನ್ನು ಇಂದು ಹಾಗೆಯೇ ಅನುಸರಿಸಲಾಗದು. ಹಾರ್ಮೋನ್ ಚಿಕಿತ್ಸೆಯನ್ನು ಕುರಿತು ಇಂದಿನ ಜ್ಞಾನವನ್ನೆಲ್ಲ ಒಳಗೊಂಡ, ‘ಸ್ತ್ರೀ ಸ್ವಾಸ್ಥ್ಯ ಸಂಹಿತೆ’ಯಂತೆ ಮನೆಮನೆಗೆ ತಲುಪುವ ಹೊಸ ಪುಸ್ತಕ ಬೇಕಾಗಿದೆ. ಪ್ರತಿ ಗ್ರಾಮ ಪಂಚಾಯಿತಿ ಗ್ರಂಥಾಲಯದ ಕಪಾಟಿನಲ್ಲಿ ಅದಕ್ಕೊಂದು ಜಾಗವಿರಬೇಕು. ಓದಲು ಬಾರದವರಿಗೆ ಆಶಾ ಕಾರ್ಯಕರ್ತೆಯರು ಅದರಿಂದ ಓದಿ ಹೇಳುವಂತಿರಬೇಕು.

ಅಲ್ಲಿಯವರೆಗೆ, ಗರ್ಭಕೋಶ ತೆಗೆಯಬೇಕೆಂದು ವೈದ್ಯರು ಹೇಳಿದಾಗ ಸುಗಟೂರಿನ ಹೆಣ್ಣುಮಗಳು ಮೂರು ಪ್ರಶ್ನೆಗಳನ್ನಾದರೂ ಕೇಳಬೇಕು. ಬೇರೆ ಚಿಕಿತ್ಸೆ ಇಲ್ಲವೇ? ಅಂಡಾಶಯಗಳನ್ನು ಉಳಿಸುತ್ತೀರಾ? ತೆಗೆದರೆ ಮುಂದೆ ನನಗೆ ಹಾರ್ಮೋನ್ ಬೇಕಾಗುತ್ತದೆಯೇ? ಉತ್ತರ ಹೌದಾದರೂ ಅಲ್ಲವಾದರೂ ಅದನ್ನು ಕನ್ನಡದಲ್ಲಿ, ಅರ್ಥವಾಗುವಂತೆ ಪಡೆಯುವುದು ಆಕೆಯ ಹಕ್ಕು. ತೀರ್ಥಹಳ್ಳಿಯ ವೈದ್ಯೆ ಬಾಳಿನುದ್ದಕ್ಕೂ ಬರೆದದ್ದು ಹೆಣ್ಣುಮಕ್ಕಳು ಇಂತಹ ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳುವಂತಾಗಲಿ ಎಂದೇ.